ಮದುವೆಯ ಮೊದಲ ನೃತ್ಯಕ್ಕೆ ಹಾಡು ಬಂದ ಬಗೆ

ಯುರೋಪ್ ಮತ್ತು ಅಮೆರಿಕದ ಮದುವೆಗಳಲ್ಲಿ ಔತಣ ಮುಗಿಯುವ ಹೊತ್ತಿಗೆ ಸಭಾಂಗಣದ ನಡುವಿನ ಜಾಗವನ್ನು ತೆರವು ಮಾಡುತ್ತಾರೆ. ಮದುಮಕ್ಕಳು ಇಬ್ಬರೇ ಅಲ್ಲಿಗೆ ಬಂದು ಮೂರು ನಾಲ್ಕು ನಿಮಿಷ ಕುಣಿಯುತ್ತಾರೆ. ನೆಂಟರಿಷ್ಟರು ಸುತ್ತ ನಿಂತು ನೋಡುತ್ತಾರೆ. ಆ ಹಾಡು ಮುಗಿದ ಮೇಲೆಯೇ ಉಳಿದವರ ಸರದಿ. ‘ಫಸ್ಟ್ ಡಾನ್ಸ್’ ಎಂದು ಕರೆಸಿಕೊಳ್ಳುವ ಈ ನೃತ್ಯಕ್ಕೆ ಯಾವ ಹಾಡು ಎಂಬುದು ಈಗ ಮದುವೆಯ ತಯಾರಿಯಲ್ಲಿ ಉಡುಪು, ಊಟಗಳಷ್ಟೇ ತಲೆಕೆಡಿಸುವ ಪ್ರಶ್ನೆ. ಪದ್ಧತಿ ಬಹಳ ಪುರಾತನವಾದದ್ದೆಂದು ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ಒಂದು ಜೋಡಿ ಎಲ್ಲರಿಗಿಂತ ಮೊದಲು ಕುಣಿಯುವುದು ಹಳೆಯದು; ಆ ಜೋಡಿ ತನಗೆ ಬೇಕಾದ ಹಾಡನ್ನು ಆರಿಸಿಕೊಳ್ಳುವುದು ತೀರ ಈಚಿನದು. ಅದಕ್ಕೆ ಮೊದಲು ಆ ತೀರ್ಮಾನ ಅರಮನೆಯ ಅಂತಸ್ತಿನದೋ, ನೃತ್ಯಗುರುವಿನದೋ, ಊರ ವಾಡಿಕೆಯದೋ, ಬಾಡಿಗೆಗೆ ಬಂದ ಬ್ಯಾಂಡಿನ ಯಜಮಾನನದೋ ಆಗಿತ್ತು.

ಹಳ್ಳಿಗಳ ಮದುವೆಯಲ್ಲಂತೂ ಮೊದಲು, ಆಮೇಲೆ ಎಂಬ ಲೆಕ್ಕವೇ ಹೆಚ್ಚಾಗಿ ಇರುತ್ತಿರಲಿಲ್ಲ. ಫ್ಲಾಂಡರ್ಸಿನ ಚಿತ್ರಕಾರ ಹಿರಿಯ ಪೀಟರ್ ಬ್ರೂಗೆಲ್ 1566ರಲ್ಲಿ ಬರೆದ ‘ಮದುವೆಯ ಕುಣಿತ’ ಎಂಬ ಚಿತ್ರ ಈಗ ಅಮೆರಿಕದ ಡೆಟ್ರಾಯಿಟ್ ನಗರದ ಕಲಾಸಂಗ್ರಹಾಲಯದಲ್ಲಿದೆ. ಬಯಲಿನಲ್ಲಿ ನೂರಕ್ಕೂ ಹೆಚ್ಚು ರೈತಾಪಿ ಜನ ಬ್ಯಾಗ್‌ಪೈಪಿನ ದನಿಗೆ ಮೈಮರೆತು ಕುಣಿಯುತ್ತಿದ್ದಾರೆ. ಕಪ್ಪು ಉಡುಪಿನ ಮದುಮಗಳನ್ನು ಆ ಗುಂಪಿನಲ್ಲಿ ಹುಡುಕಿ ಗುರುತಿಸಬೇಕು. ಅವಳಿಗೆಂದು ಯಾರೂ ಜಾಗ ಬಿಟ್ಟುಕೊಟ್ಟಿಲ್ಲ, ಯಾರೂ ನಿಂತು ಅವಳನ್ನು ನೋಡುತ್ತಿಲ್ಲ.

ಇಬ್ಬರು ಕುಣಿಯಬೇಕು, ಸಭೆ ನೋಡಬೇಕು ಎಂಬ ಏರ್ಪಾಡಿನ ಬೇರು ಇರುವುದು ಅರಮನೆಯಲ್ಲಿ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಕಾಲದ ನೃತ್ಯಕೂಟಗಳಲ್ಲಿ ಪ್ರತಿ ಹೆಜ್ಜೆಗೂ ಶಿಷ್ಟಾಚಾರವಿತ್ತು. ನೃತ್ಯಗುರು ಪಿಯೆರ್ ರಾಮೊ 1725ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ ಅದರ ವಿವರಗಳಿವೆ. ಮೊದಲು ರಾಜನ ಹಿಂದೆ ಸಾಲಾಗಿ ಒಂದು ಸಾಮೂಹಿಕ ನೃತ್ಯ. ಅದಾದ ಮೇಲೆ ರಾಜ ಮತ್ತು ರಾಣಿ ಇಬ್ಬರೇ ಮಿನುಯೆಟ್ ಕುಣಿಯಬೇಕು. ಬಳಿಕ ಅಂತಸ್ತಿನ ಕ್ರಮದಲ್ಲಿ ಒಂದೊಂದೇ ಜೋಡಿ. ರಾಜ ಕುಣಿಯುತ್ತಿರುವಷ್ಟು ಹೊತ್ತು ಸಭೆಯಲ್ಲಿ ಯಾರೂ ಕೂರುವಂತಿಲ್ಲ. ಮಿನುಯೆಟ್ ಮೂರೆಣಿಕೆಯ ನಡೆಯದು, ನಮ್ಮ ಲೆಕ್ಕದಲ್ಲಿ ತಿಶ್ರ. ಆರು ಎಣಿಕೆಗೆ ನಾಲ್ಕು ಹೆಜ್ಜೆ. ಮೊಣಕಾಲನ್ನು ಬಾಗಿಸಿ ತುದಿಗಾಲಿನ ಮೇಲೆ ಏಳುತ್ತ, ನೆಲದ ಮೇಲೆ ‘ಝಡ್’ ಅಕ್ಷರದ ಜಾಡು ಹಿಡಿದು, ಒಬ್ಬರನ್ನೊಬ್ಬರು ಹಾದುಹೋಗಬೇಕು. ತಗಲುವುದು ಅಂಗೈ ಮಾತ್ರ. ಶುರುವಿನಲ್ಲಿ ಮೊದಲ ನಮಸ್ಕಾರ ಸಭೆಯ ಹಿರಿಯರಿಗೆ, ಎರಡನೆಯದು ಜೊತೆಗಾರರಿಗೆ. ಈ ನೃತ್ಯ ಯಾರ ಸಲುವಾಗಿ ನಡೆಯುತ್ತಿತ್ತು ಎಂಬುದಕ್ಕೆ ಆ ಎರಡು ನಮಸ್ಕಾರಗಳ ಕ್ರಮವೇ ಸಾಕ್ಷಿ.

ಇಂಗ್ಲೆಂಡಿನ ಸಿರಿವಂತರು ಇದನ್ನೇ ಊರ ಸಭಾಂಗಣಗಳಿಗೆ ತಂದರು. ಬಾತ್ ಪಟ್ಟಣದ ನೃತ್ಯಕೂಟಗಳಿಗೆ ಹದಿನೆಂಟನೆಯ ಶತಮಾನದಲ್ಲಿ ಕಟ್ಟುಪಾಡು ಹಾಕಿದವನು ರಿಚರ್ಡ್ ‘ಬೋ’ ನ್ಯಾಶ್. ಸಂಜೆ ಆರಕ್ಕೆ ಕೂಟ ಆರಂಭ. ಹಾಜರಿದ್ದವರಲ್ಲಿ ಅತ್ಯುನ್ನತ ಮನೆತನದ ಇಬ್ಬರು ಮೊದಲ ಮಿನುಯೆಟ್ ಕುಣಿಯಬೇಕು. ಸುಮಾರು ಎರಡು ಗಂಟೆ ಮಿನುಯೆಟ್‌ಗಳೇ. ಎಂಟಕ್ಕೆ ಎಲ್ಲರೂ ಸೇರುವ ‘ಕಂಟ್ರಿ ಡಾನ್ಸ್’. ಹನ್ನೊಂದು ಹೊಡೆದರೆ ಕುಣಿತ ಅರ್ಧಕ್ಕೆ ನಿಂತರೂ ಸರಿ, ವಾದ್ಯ ಬಂದ್.

ಇಲ್ಲಿ ಮದುವೆಯ ಸುದ್ದಿಯೇ ಇಲ್ಲ. ಆದರೆ ಅಂತಸ್ತಿನ ಈ ಶಿಷ್ಟಾಚಾರದಲ್ಲಿ ಹೊಸದಾಗಿ ಮದುವೆಯಾದ ಹೆಣ್ಣಿಗೆ ಒಂದು ವಿಶೇಷ ರಿಯಾಯಿತಿ ಇತ್ತು: ಕೆಲಕಾಲ ಅವಳಿಗೆ ಅಗ್ರಸ್ಥಾನ. 1815ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟಿನ್‌ಳ ‘ಎಮ್ಮಾ’ ಕಾದಂಬರಿಯಲ್ಲಿ ಇದರ ಕುಟುಕು ನೋಟವೊಂದಿದೆ. ಕ್ರೌನ್ ಎಂಬ ವಸತಿಗೃಹದಲ್ಲಿ ಏರ್ಪಾಡಾದ ನೃತ್ಯಕೂಟವನ್ನು ತನಗಾಗಿಯೇ ನಡೆಯುತ್ತಿರುವುದೆಂದು ಎಮ್ಮಾ ನಂಬಿರುತ್ತಾಳೆ. ಕೊನೆಗೆ ಎಲ್ಲರ ಮುಂದೆ ಮೊದಲ ಜೋಡಿಯಾಗಿ ನಡೆಯುವ ಹಕ್ಕು ಪಾದ್ರಿಯ ಹೊಸ ಹೆಂಡತಿ, ಜಂಭದ ಮಿಸೆಸ್ ಎಲ್ಟನ್‌ಗೆ ಹೋಗುತ್ತದೆ, ಎಮ್ಮಾ ಎರಡನೆಯವಳು. ಗಮನಿಸಬೇಕಾದ ಸಂಗತಿ ಇಷ್ಟು: ಮಿಸೆಸ್ ಎಲ್ಟನ್ ಗಂಡನ ಜೊತೆ ಕುಣಿಯುವುದಿಲ್ಲ, ಕೂಟದ ಆತಿಥೇಯ ಮಿ. ವೆಸ್ಟನ್ ಜೊತೆ ಕುಣಿಯುತ್ತಾಳೆ. ಗೌರವ ಮದುವಣಗಿತ್ತಿಯ ಸ್ಥಾನಕ್ಕೆ. ದಂಪತಿಯ ಪ್ರೀತಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಹಾಗಾದರೆ ಮದುವೆಯ ದಿನವೇ ಏಕೆ ಕುಣಿಯುತ್ತಿರಲಿಲ್ಲ? ಇಂಗ್ಲೆಂಡಿನ ಮಟ್ಟಿಗೆ ಉತ್ತರ ಗಡಿಯಾರದಲ್ಲಿದೆ. 1604ರ ಚರ್ಚ್ ನಿಯಮದಂತೆ ಮದುವೆ ಬೆಳಗಿನ ಎಂಟರಿಂದ ಮಧ್ಯಾಹ್ನ ಹನ್ನೆರಡರ ಒಳಗೆ ಆಗಬೇಕಿತ್ತು. ಅಲ್ಲಿಂದ ಮನೆಗೆ ಬಂದು ಉಪಾಹಾರ, ಕೇಕು. ಮಧ್ಯಾಹ್ನದ ಹೊತ್ತಿಗೆ ಮದುಮಕ್ಕಳು ಸಾರೋಟು ಹತ್ತಿ ಹೊರಟೇಬಿಡುತ್ತಿದ್ದರು. ಅಂಥ ಮದುವೆಯ ಊಟಕ್ಕೆ ಇಂದಿಗೂ ‘ವೆಡ್ಡಿಂಗ್ ಬ್ರೇಕ್‌ಫಾಸ್ಟ್’ ಎಂಬ ಹೆಸರು ಅಂಟಿಕೊಂಡಿದೆ. 1886ರ ಕಾಯಿದೆ ಅವಧಿಯನ್ನು ಮಧ್ಯಾಹ್ನ ಮೂರರವರೆಗೆ ವಿಸ್ತರಿಸಿತು, 1934ರದ್ದು ಸಂಜೆ ಆರರವರೆಗೆ. ಮದುವೆ ಸಂಜೆಯ ಕಡೆಗೆ ಸರಿದಂತೆ ಊಟ ರಾತ್ರಿಯದಾಯಿತು, ರಾತ್ರಿಯ ಊಟದ ಬೆನ್ನಿಗೆ ನೃತ್ಯ ಬಂತು. ಮದುಮಕ್ಕಳ ಮೊದಲ ನೃತ್ಯ ಮಧ್ಯಯುಗದಿಂದ ನಡೆದುಬಂದದ್ದೆಂಬ ಮಾತು ಇಂಗ್ಲೆಂಡಿನ ಮಟ್ಟಿಗೆ ನಿಲ್ಲದಿರುವುದಕ್ಕೆ ಈ ಕಾಯಿದೆಗಳೇ ಒಂದು ಕಾರಣ.

ಅಷ್ಟರಲ್ಲಿ ಯುರೋಪಿನ ನೆಲದಲ್ಲಿ ಮಿನುಯೆಟ್‌ನ ಕಾಲ ಮುಗಿದಿತ್ತು. ದಕ್ಷಿಣ ಜರ್ಮನಿ ಮತ್ತು ಆಸ್ಟ್ರಿಯದ ಹಳ್ಳಿಗಾಡಿನ ಸುತ್ತು ಕುಣಿತಗಳಿಂದ ಹುಟ್ಟಿದ ವಾಲ್ಟ್ಸ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನಗರಗಳನ್ನು ಹೊಕ್ಕಿತು. ಇದೂ ಮೂರೆಣಿಕೆಯದೇ, ಆದರೆ ಮಿಕ್ಕದ್ದೆಲ್ಲ ತಲೆಕೆಳಗು. ಗಂಡಿನ ಕೈ ಹೆಣ್ಣಿನ ಬೆನ್ನ ಮೇಲೆ, ಮುಖಕ್ಕೆ ಮುಖ ಕೊಟ್ಟು, ಸಭೆಯ ಕಡೆ ನೋಡದೆ ಸುತ್ತಬೇಕು. ನೆಪೋಲಿಯನ್ನನ ಪತನದ ಬಳಿಕ ದೊರೆಗಳೆಲ್ಲ ವಿಯೆನ್ನಾದಲ್ಲಿ ಸೇರಿದ 1814–15ರ ಸಮಾವೇಶದಲ್ಲಿ ಅದು ಖಂಡಕ್ಕೆಲ್ಲ ಹರಡಿತು. ಲಂಡನ್ನಿನಲ್ಲಿ 1816ರ ಜುಲೈ ತಿಂಗಳಲ್ಲಿ ರಾಜಪ್ರತಿನಿಧಿಯ ಕೂಟದಲ್ಲಿ ವಾಲ್ಟ್ಸ್ ಆಡಿದ್ದಕ್ಕೆ ‘ದ ಟೈಮ್ಸ್’ ಪತ್ರಿಕೆ ಈ ‘ಅಸಭ್ಯ ಪರದೇಶಿ ನೃತ್ಯ’ದಿಂದ ಹೆಣ್ಣುಮಕ್ಕಳನ್ನು ದೂರವಿಡಿ ಎಂದು ತಂದೆತಾಯಂದಿರನ್ನು ಎಚ್ಚರಿಸಿತು. ಸ್ವತಃ ಕಟ್ಟುಪಾಡುಗಳಿಗೆ ಹೆಸರಾಗಿರದ ಬೈರನ್ ಕವಿ ಕೂಡ 1813ರಲ್ಲಿ ವಾಲ್ಟ್ಸ್ ಮೇಲೆ ವಿಡಂಬನ ಕಾವ್ಯ ಪ್ರಕಟಿಸಿದ. ಆದರೂ ಮದುವೆಗೆ ಹೇಳಿ ಮಾಡಿಸಿದ ನೃತ್ಯ ಎಂಬುದು ಒಂದು ತಲೆಮಾರಿನೊಳಗೆ ಸ್ಪಷ್ಟವಾಯಿತು. ಸಭ್ಯ ಸಮಾಜದ ಎದುರಿಗೆ ಅಪ್ಪಿಕೊಳ್ಳಬಹುದಾದ ಜೋಡಿ ಎಂದರೆ ಅದೇ ದಿನ ಮದುವೆಯಾದ ಜೋಡಿಯೇ ತಾನೆ.

ವಿಯೆನ್ನಾದಲ್ಲಿ ಯೋಸೆಫ್ ಲಾನರ್ ಮತ್ತು ಹಿರಿಯ ಯೋಹಾನ್ ಸ್ಟ್ರಾಸ್ ವಾಲ್ಟ್ಸ್ ಸಂಗೀತವನ್ನು ಒಂದು ಉದ್ಯಮವಾಗಿಸಿದರು. ಮಗ, ಕಿರಿಯ ಯೋಹಾನ್ ಸ್ಟ್ರಾಸ್, ಅದನ್ನು ಜಗತ್ತಿಗೆ ಕೊಟ್ಟ. 1867ರ ಫೆಬ್ರುವರಿ 15ರಂದು ಪುರುಷರ ಗಾಯನವೃಂದವೊಂದು ಹಾಡಿದ ‘ನೀಲಿ ಡ್ಯಾನ್ಯೂಬ್’ ಅದೇ ವರ್ಷದ ಪ್ಯಾರಿಸ್ ಪ್ರದರ್ಶನದಲ್ಲಿ ಮಾತಿಲ್ಲದ ವಾದ್ಯರೂಪದಲ್ಲಿ ಗೆದ್ದಿತು. ಆಸ್ಟ್ರಿಯದ ಮದುವೆಗಳಲ್ಲಿ ಇಂದಿಗೂ ಅದೇ ನುಡಿಯುವುದು ಸಾಮಾನ್ಯ. ಪೂರ್ತಿ ನುಡಿಸಿದರೆ ಹತ್ತು ನಿಮಿಷದಷ್ಟಾಗುವುದರಿಂದ ಮದುವೆಗೆ ಕತ್ತರಿಸಿಕೊಳ್ಳುತ್ತಾರೆ. ವಿಯೆನ್ನಾ ವಾಲ್ಟ್ಸ್‌ನ ವೇಗ ನಿಮಿಷಕ್ಕೆ ಸುಮಾರು 180 ಎಣಿಕೆ. ಉದ್ದ ಸೆರಗಿನ ಮದುವೆಯ ಗೌನು ತೊಟ್ಟು ಅಷ್ಟು ವೇಗದಲ್ಲಿ ಸುತ್ತುವುದು ಅಭ್ಯಾಸವಿಲ್ಲದವರಿಗೆ ತಲೆಸುತ್ತೇ ಸರಿ.

ಹಾಡಿನ ಆಯ್ಕೆ ಎಂಬುದೇ ಇಲ್ಲದ ಮೊದಲ ನೃತ್ಯ ಹೇಗಿರುತ್ತದೆಂದು ಈಗಲೂ ನೋಡಬೇಕಾದರೆ ಡೆನ್ಮಾರ್ಕಿಗೆ ಹೋಗಬೇಕು. ಅಲ್ಲಿನ ‘ಬ್ರೂಡೆವಾಲ್ಸ್’, ಅಂದರೆ ಮದುಮಗಳ ವಾಲ್ಟ್ಸ್, ದೇಶಕ್ಕೆಲ್ಲ ಒಂದೇ ಮಟ್ಟು. ಆಗಸ್ಟ್ ಬೋರ್ನೊನ್ವಿಲ್ ಸಂಯೋಜಿಸಿದ ‘ಜನಪದ ಕಥೆ’ ಎಂಬ ಬ್ಯಾಲೆ 1854ರಲ್ಲಿ ಕೋಪನ್‌ಹೇಗನ್ನಿನ ರಾಜರಂಗಮಂದಿರದಲ್ಲಿ ತೆರೆಕಂಡಿತು. ಅದರ ಕೊನೆಯ ಅಂಕದ ಮದುವೆಯ ದೃಶ್ಯಕ್ಕೆ ನೀಲ್ಸ್ ಗೇಡೆ ಬರೆದ ವಾಲ್ಟ್ಸ್ ರಂಗದಿಂದ ಇಳಿದು ನಿಜವಾದ ಮದುವೆಗಳಿಗೆ ಸೇರಿತು. ಮಧ್ಯರಾತ್ರಿ ಹನ್ನೆರಡರ ಒಳಗೆ ಅದನ್ನು ಕುಣಿದು ಮುಗಿಸಬೇಕೆಂಬುದು ವಾಡಿಕೆ. ಅತಿಥಿಗಳು ದೊಡ್ಡ ವೃತ್ತವಾಗಿ ನಿಂತು ತಾಳಕ್ಕೆ ಚಪ್ಪಾಳೆ ತಟ್ಟುತ್ತ, ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರುತ್ತಾರೆ. ವೃತ್ತ ಕಿರಿದಾಗುತ್ತ ಆಗುತ್ತ ಮದುಮಕ್ಕಳಿಗೆ ಸುತ್ತಲು ಜಾಗವೇ ಉಳಿಯದೆ ನಿಂತಲ್ಲೇ ನಿಂತು ಮುತ್ತು ಕೊಡುವ ಹಾಗಾಗುತ್ತದೆ. ಅದಾದ ಕೂಡಲೇ ಗೆಳೆಯರು ಮದುಮಗನನ್ನು ಎತ್ತಿ ಹಿಡಿದು, ಬೂಟು ಕಳಚಿ, ಕಾಲುಚೀಲದ ತುದಿಯನ್ನು ಕತ್ತರಿಸುತ್ತಾರೆ. 2004ರ ಮೇ ತಿಂಗಳಲ್ಲಿ ಯುವರಾಜ ಫ್ರೆಡೆರಿಕ್ ಮದುವೆಯಾದಾಗಲೂ ಅರಮನೆಯಲ್ಲಿ ನುಡಿದದ್ದು ಇದೇ ಗೇಡೆಯ ವಾಲ್ಟ್ಸ್. ರಾಜಕುಮಾರನಿಗೂ ಬಡಗಿಯ ಮಗನಿಗೂ ಒಂದೇ ರಾಗ. ನಮ್ಮಲ್ಲಿ ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಮೊಳಗುವಾಗ ಯಾವ ಕೃತಿ ನುಡಿಸಲಿ ಎಂದು ಓಲಗದವರು ಮದುಮಗನನ್ನು ಕೇಳುವುದಿಲ್ಲವಲ್ಲ, ಹಾಗೆ.

ಯುರೋಪಿನಿಂದ ಅಮೆರಿಕಕ್ಕೆ ವಲಸೆ ಹೋದವರು ತಂತಮ್ಮ ಊರಿನ ಕ್ರಮಗಳನ್ನು ಒಯ್ದರು. ಪೋಲಿಷ್, ಜೆಕ್, ಜರ್ಮನ್ ಮೂಲದವರ ಮದುವೆಗಳಲ್ಲಿ ‘ಗ್ರ್ಯಾಂಡ್ ಮಾರ್ಚ್’: ಮದುಮಕ್ಕಳ ಹಿಂದೆ ನೆಂಟರು ಜೋಡಿ ಜೋಡಿಯಾಗಿ ಸಭಾಂಗಣವನ್ನು ಸುತ್ತಿ, ಕವಲೊಡೆದು, ಮತ್ತೆ ಕೂಡಿ, ಕೊನೆಗೆ ವೃತ್ತ ಕಟ್ಟುತ್ತಾರೆ, ವೃತ್ತದ ನಡುವೆ ಮದುಮಕ್ಕಳ ವಾಲ್ಟ್ಸ್. ಲೂಸಿಯಾನಾದ ಫ್ರೆಂಚ್ ಮೂಲದ ಕೇಜನ್ ಜನರಲ್ಲೂ ಮೊದಲು ಮೆರವಣಿಗೆ, ಆಮೇಲೆ ವಾಲ್ಟ್ಸ್. ಎಲ್ಲ ಕಡೆಯೂ ಮೊದಲ ನೃತ್ಯ ನಡೆಯುತ್ತಿದ್ದದ್ದು ಸಮುದಾಯದ ಕೂಡುನಡಿಗೆಯ ಒಳಗೆ. ಒಂಟಿ ಜೋಡಿಯ ಪ್ರದರ್ಶನ ಆಗಿನ್ನೂ ಆಗಿರಲಿಲ್ಲ.

ಪಟ್ಟಣದ ಶಿಷ್ಟ ಕುಟುಂಬಗಳಲ್ಲಿಯೂ ಅದು ಬಹುಕಾಲ ಒಂದು ವಿಧಿಯಾಗಿ ಗಟ್ಟಿಯಾಗಿರಲಿಲ್ಲ. ಶಿಷ್ಟಾಚಾರದ ಪ್ರಮಾಣಗ್ರಂಥವೆನಿಸಿದ ಎಮಿಲಿ ಪೋಸ್ಟ್‌ಳ ಪುಸ್ತಕ 1922ರಲ್ಲಿ ಹೊರಬಂದಾಗ ಅದರಲ್ಲಿದ್ದ ವಿವರಣೆ ಈಗಿನವರಿಗೆ ಅಚ್ಚರಿ ತರಿಸಬಹುದು. ಮದುಮಕ್ಕಳು ಊಟ ಮುಗಿಸಿ ಏಳುವ ಹೊತ್ತಿಗೆ ಬೇರೆಯವರ ಕುಣಿತ ಆಗಲೇ ನಡೆದಿರುತ್ತದೆ. ಅವರು ಅದಕ್ಕೆ ಸೇರಿಕೊಂಡು ಮೊದಲು ತಾವಿಬ್ಬರೂ, ಬಳಿಕ ಮಿಕ್ಕ ಅತಿಥಿಗಳ ಜೊತೆಗೂ ಕುಣಿಯುತ್ತಾರೆ. ಹಾಡಿನ ಹೆಸರಿಲ್ಲ, ತೆರವಾದ ನೆಲವಿಲ್ಲ, ಘೋಷಣೆಯಿಲ್ಲ.

ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ನೃತ್ಯವೇ ಬದಲಾಗಿತ್ತು. 1914ರಲ್ಲಿ ಫಾಕ್ಸ್‌ಟ್ರಾಟ್ ಬಂತು. ಅದು ನಾಲ್ಕೆಣಿಕೆಯ ಚತುರಶ್ರ ನಡೆಯದು, ವಾಲ್ಟ್ಸ್‌ಗಿಂತ ಸುಲಭ. ವರ್ನನ್ ಮತ್ತು ಐರೀನ್ ಕ್ಯಾಸಲ್ ದಂಪತಿ ಅದನ್ನು ಮೇಲ್ವರ್ಗದವರಿಗೂ ಒಪ್ಪುವಂತೆ ತಿದ್ದಿದರು. ಆರ್ಥರ್ ಮರ್ರೆ ಪಾದದ ಗುರುತುಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಅಂಚೆಯಲ್ಲಿ ಪಾಠ ಮಾರಿದ. ಕೊಂಡವರು ಅದನ್ನು ನೆಲದ ಮೇಲೆ ಹರಡಿ ಒಂದೊಂದೇ ಗುರುತಿನ ಮೇಲೆ ಕಾಲಿಟ್ಟು ಕಲಿತರು. ವಾಲ್ಟ್ಸ್ ಕೂಡ ನಿಧಾನವಾಗಿ, ಇಂಗ್ಲೆಂಡಿನಲ್ಲಿ ನಿಮಿಷಕ್ಕೆ ತೊಂಬತ್ತರ ಆಸುಪಾಸಿನ ಎಣಿಕೆಗೆ ಇಳಿಯಿತು.

ಇದೇ ಕಾಲದಲ್ಲಿ ಹಾಡು ಒಬ್ಬರಿಗಾಗಿ ಎಂಬ ಕಲ್ಪನೆಗೂ ಒಂದು ಪ್ರಸಿದ್ಧ ಉದಾಹರಣೆ ಸಿಕ್ಕಿತು. ಸಂಗೀತಕಾರ ಇರ್ವಿಂಗ್ ಬರ್ಲಿನ್ ರಷ್ಯದಿಂದ ವಲಸೆ ಬಂದ ಬಡ ಯಹೂದಿ ಕುಟುಂಬದವನು. ಅವನು ಪ್ರೀತಿಸಿದ ಎಲಿನ್ ಮಕ್ಕೇ ಕೋಟ್ಯಧೀಶ ಕ್ಯಾಥೊಲಿಕ್ ಮನೆತನದವಳು. ಅವಳ ತಂದೆಯ ವಿರೋಧದ ನಡುವೆ 1926ರ ಜನವರಿಯಲ್ಲಿ ಇಬ್ಬರೂ ಸರಳವಾಗಿ ಮದುವೆಯಾದರು. ಹಿಂದಿನ ವರ್ಷ ಬರೆದಿದ್ದ ‘ಆಲ್‌ವೇಸ್’ ಎಂಬ ವಾಲ್ಟ್ಸ್ ಹಾಡನ್ನು ಅವನು ಮದುವೆಯ ಉಡುಗೊರೆಯಾಗಿ ಅವಳಿಗೆ ಕೊಟ್ಟ. ಮಾತಿನಲ್ಲಿ ಕೊಟ್ಟದ್ದಲ್ಲ, ಅದರ ಗೌರವಧನವನ್ನೇ ಅವಳ ಹೆಸರಿಗೆ ಬರೆದುಕೊಟ್ಟ. ಅಮೆರಿಕದ ಮದುವೆಗಳಲ್ಲಿ ದಶಕಗಳ ಕಾಲ ಅದು ನುಡಿಯಿತು, ದುಡ್ಡೂ ಬರುತ್ತಲೇ ಇತ್ತು.

ಎರಡನೆಯ ಮಹಾಯುದ್ಧದ ಮುಂಚೆ ಮತ್ತು ಆನಂತರದ ಕೆಲವು ದಶಕ ಮದುವೆಯ ಸಂಗೀತ ಬ್ಯಾಂಡುಗಳ ಕೈಯಲ್ಲಿತ್ತು. ನ್ಯೂಯಾರ್ಕಿನಲ್ಲಿ ಇದನ್ನೇ ಕಸುಬಾಗಿಸಿಕೊಂಡ ವಾದ್ಯಗಾರರ ಒಂದು ವರ್ಗವಿತ್ತು. ಇಂಥ ಕಾರ್ಯಕ್ರಮಕ್ಕೆ ಅವರ ಮಾತಿನಲ್ಲಿ ‘ಕ್ಲಬ್ ಡೇಟ್’ ಎಂದು ಹೆಸರು. ಎಂದೂ ಒಟ್ಟಿಗೆ ನುಡಿಸಿರದ ಐದಾರು ಮಂದಿ ಆ ಸಂಜೆಯಷ್ಟೇ ಸೇರಿ, ಮುಂದೆ ಸ್ವರಲಿಪಿಯಿಲ್ಲದೆ, ನಡುವೆ ಬಿಡುವು ಕೊಡದೆ, ಒಂದು ಹಾಡಿನಿಂದ ಮತ್ತೊಂದಕ್ಕೆ ಜಾರಬೇಕಿತ್ತು. ಮುಂದಿನ ಹಾಡಿನ ಶ್ರುತಿಯನ್ನು ಯಜಮಾನ ಬೆರಳಿನಲ್ಲಿ ಸೂಚಿಸುತ್ತಿದ್ದ. ಬೆರಳು ಮೇಲಕ್ಕಿದ್ದರೆ ಆ ಶ್ರುತಿಯಲ್ಲಿ ಅಷ್ಟು ‘ಶಾರ್ಪ್’ ಸ್ವರಗಳು, ಕೆಳಕ್ಕಿದ್ದರೆ ಅಷ್ಟು ‘ಫ್ಲ್ಯಾಟ್’. ಕುಣಿಯುವವರ ಗಮನಕ್ಕೆ ಬಾರದ ಹಾಗೆ, ಬಾಯಿಂದ ವಾದ್ಯ ತೆಗೆಯದೆ ನಡೆಯುವ ವ್ಯವಹಾರ. ಇಂಥ ಬ್ಯಾಂಡಿಗೆ ಮದುಮಕ್ಕಳು ಹಾಡಿನ ಹೆಸರು ಹೇಳಬಹುದಿತ್ತು, ಸಿಕ್ಕುತ್ತಿದ್ದದ್ದು ಮಾತ್ರ ಆ ಬ್ಯಾಂಡಿನ ಶೈಲಿಯ ಹಾಡು. ಎಲ್ಲ ಮದುವೆಗೂ ಅದೇ ಸ್ಯಾಕ್ಸೊಫೋನು, ಅದೇ ಮೆದು ಫಾಕ್ಸ್‌ಟ್ರಾಟ್.

ತಿರುವು ಬಂದದ್ದು ರೆಕಾರ್ಡಿನಿಂದ. ಕೊಲಂಬಿಯಾ ಕಂಪನಿ 1948ರಲ್ಲಿ ಎಲ್‌ಪಿಯನ್ನೂ ಆರ್‌ಸಿಎ ವಿಕ್ಟರ್ 1949ರಲ್ಲಿ ಏಳು ಅಂಗುಲದ 45 ಸುತ್ತಿನ ತಟ್ಟೆಯನ್ನೂ ಹೊರತಂದವು. ಎರಡನೆಯದರಲ್ಲಿ ಒಂದು ಬದಿಗೆ ಒಂದೇ ಹಾಡು, ಹದಿಹರೆಯದವರ ಜೇಬಿಗೆ ನಿಲುಕುವ ಬೆಲೆ. ಪ್ರೀತಿಸುವ ಇಬ್ಬರಿಗೆ ‘ನಮ್ಮ ಹಾಡು’ ಎಂಬುದೊಂದು ಇರಬೇಕೆಂಬ ಭಾವನೆ ರೇಡಿಯೊ ಮತ್ತು ಈ ತಟ್ಟೆಗಳ ಜೊತೆ ಬೆಳೆಯಿತು. ಆ ಹಾಡು ಎಂದರೆ ರಾಗವಷ್ಟೇ ಅಲ್ಲ. ಒಬ್ಬ ನಿರ್ದಿಷ್ಟ ಗಾಯಕನ ಕಂಠ, ಅವನು ಉಸಿರೆಳೆದ ಕಡೆ ಉಸಿರು, ಹಿನ್ನೆಲೆಯ ಪಿಟೀಲು, ಎಲ್ಲ ಸೇರಿದ್ದು. ಬಾಡಿಗೆ ಬ್ಯಾಂಡು ಅದನ್ನು ಕೊಡಲಾರದು. 1970ರ ದಶಕದಲ್ಲಿ ಡಿಸ್ಕೊ ಜೊತೆ ಬಂದ ಸಂಚಾರಿ ಡಿಜೆ ಕೊಟ್ಟ. ಎರಡು ತಿರುಗಣೆ, ಎರಡು ಸ್ಪೀಕರು, ತಟ್ಟೆಗಳ ಪೆಟ್ಟಿಗೆ ಇಷ್ಟರಲ್ಲಿ ಐದಾರು ವಾದ್ಯಗಾರರ ಸಂಬಳ ಉಳಿಯಿತು. ಮದುಮಕ್ಕಳ ಕೈಗೆ ಹಾಡುಗಳ ಪಟ್ಟಿ ಬಂದದ್ದು ಆಗಲೇ. ಮೊದಲು ಸ್ಥಾನಮಾನ, ಆಮೇಲೆ ನೃತ್ಯದ ಬಗೆ, ಆಮೇಲೆ ರಾಗ, ಕೊನೆಗೆ ಒಂದು ಧ್ವನಿಮುದ್ರಣ: ಎರಡೂವರೆ ಶತಮಾನದಲ್ಲಿ ಮೊದಲ ನೃತ್ಯವನ್ನು ತೀರ್ಮಾನಿಸುವ ಸಂಗತಿ ಹೀಗೆ ಕಿರಿದಾಗುತ್ತ ಬಂತು.

ಈ ಕಾಲದ ಜನಪ್ರಿಯ ಹಾಡುಗಳ ಹುಟ್ಟು ನೋಡಿದರೆ ಮದುವೆಗೆಂದು ಬರೆದದ್ದು ಕಡಿಮೆ. ‘ಅಟ್ ಲಾಸ್ಟ್’ ಬಂದದ್ದು ಗ್ಲೆನ್ ಮಿಲ್ಲರ್ ವಾದ್ಯವೃಂದದ ಚಲನಚಿತ್ರವೊಂದಕ್ಕೆ. ಅದನ್ನು ಮದುವೆಯ ಹಾಡಾಗಿಸಿದ್ದು ಎಟಾ ಜೇಮ್ಸ್ ಹಾಡಿದ ಆವೃತ್ತಿ; ಆಕೆಯ ಅದೇ ಹೆಸರಿನ ಆಲ್ಬಮ್ 1960ರದ್ದು. 2009ರ ಜನವರಿಯಲ್ಲಿ ಅಧ್ಯಕ್ಷ ಪದವಿಯೇರಿದ ರಾತ್ರಿ ಬರಾಕ್ ಮತ್ತು ಮಿಶೆಲ್ ಒಬಾಮ ಇದೇ ಹಾಡಿಗೆ, ಬಿಯಾನ್ಸೆಯ ಕಂಠದಲ್ಲಿ, ನರ್ತಿಸಿದರು. ‘ಅನ್‌ಚೇನ್ಡ್ ಮೆಲಡಿ’ 1955ರ ಒಂದು ಜೈಲಿನ ಸಿನಿಮಾಕ್ಕೆ ಬರೆದದ್ದು. ಹೆಸರಿನಲ್ಲಿರುವ ಸಂಕೋಲೆಗೂ ಮದುವೆಗೂ ಸಂಬಂಧವಿಲ್ಲ, ಸಿನಿಮಾದ ಹೆಸರೇ ‘ಅನ್‌ಚೇನ್ಡ್’. ಇನ್ನೂ ಸ್ವಾರಸ್ಯದ್ದು ‘ವಿ’ವ್ ಓನ್ಲಿ ಜಸ್ಟ್ ಬಿಗನ್’. ಹೊಸದಾಗಿ ಮದುವೆಯಾದವರನ್ನು ತೋರಿಸುವ ಕ್ಯಾಲಿಫೋರ್ನಿಯದ ಬ್ಯಾಂಕೊಂದರ ಟಿ.ವಿ. ಜಾಹೀರಾತಿಗೆ ಪಾಲ್ ವಿಲಿಯಮ್ಸ್ ಮತ್ತು ರೋಜರ್ ನಿಕಲ್ಸ್ ಬರೆದ ತುಣುಕು ಅದು. ಸಂಗೀತಗಾರ ರಿಚರ್ಡ್ ಕಾರ್ಪೆಂಟರ್ ಅದನ್ನು ಟಿ.ವಿ.ಯಲ್ಲಿ ಕೇಳಿ, ಪೂರ್ತಿ ಹಾಡು ಇದೆಯೇ ಎಂದು ವಿಚಾರಿಸಿ, 1970ರಲ್ಲಿ ತಂಗಿ ಕ್ಯಾರನ್ ಕಂಠದಲ್ಲಿ ಹೊರತಂದ. ಉಳಿತಾಯ ಖಾತೆ ತೆರೆಸಲು ಹುಟ್ಟಿದ ರಾಗ ಒಂದು ತಲೆಮಾರಿನ ಮದುವೆಗಳಿಗೆ ಮಂಗಳಗೀತವಾಯಿತು.

ಧ್ವನಿಮುದ್ರಣ ಬಂದ ಮೇಲೆ ಮಾತುಗಳೂ ಎಲ್ಲರಿಗೂ ಕೇಳತೊಡಗಿದವು. ಕೇಳಿಸುವುದು ಬೇರೆ, ಕೇಳುವುದು ಬೇರೆ. ಪ್ಯಾಟಿ ಪೇಜ್ 1950ರಲ್ಲಿ ಜನಪ್ರಿಯಗೊಳಿಸಿದ ‘ಟೆನಸೀ ವಾಲ್ಟ್ಸ್’ನಲ್ಲಿ ನಾಯಕಿ ನೃತ್ಯಕೂಟದಲ್ಲೇ ತನ್ನ ಪ್ರಿಯಕರನನ್ನು ಗೆಳತಿಗೆ ಕಳೆದುಕೊಳ್ಳುತ್ತಾಳೆ, ವಾಲ್ಟ್ಸ್ ಎಂಬ ಒಂದೇ ಕಾರಣಕ್ಕೆ ಅದು ಮದುವೆಗಳಿಗೂ ಬಂತು. ಡಾಲಿ ಪಾರ್ಟನ್‌ಳ ‘ಐ ವಿಲ್ ಆಲ್‌ವೇಸ್ ಲವ್ ಯು’ ತನ್ನನ್ನು ಬೆಳೆಸಿದ ಸಹಗಾಯಕ ಪೋರ್ಟರ್ ವ್ಯಾಗನರ್‌ನ ತಂಡವನ್ನು ಬಿಟ್ಟು ಹೊರಡುವಾಗ ಬರೆದ ಬೀಳ್ಕೊಡುಗೆಯ ಹಾಡು. ವಿಟ್ನಿ ಹ್ಯೂಸ್ಟನ್ 1992ರಲ್ಲಿ ಹಾಡಿದ ಮೇಲೆ ಅದೂ ಮದುವೆಯ ಹಾಡು. ‘ದ ಪೊಲೀಸ್’ ತಂಡದ 1983ರ ‘ಎವ್ರಿ ಬ್ರೆತ್ ಯು ಟೇಕ್’ ಒಬ್ಬಳ ಮೇಲೆ ಕಣ್ಣಿಟ್ಟು ಹಿಂಬಾಲಿಸುವವನ ಹಾಡು ಎಂದು ಬರೆದ ಸ್ಟಿಂಗ್ ಹಲವು ಸಲ ಹೇಳಿದ್ದಾನೆ. ಕೇಳುವವರು ಕೇಳಲಿಲ್ಲ. ಎಲ್ವಿಸ್ ಪ್ರೆಸ್ಲಿ 1961ರಲ್ಲಿ ಹಾಡಿದ ‘ಕಾಂಟ್ ಹೆಲ್ಪ್ ಫಾಲಿಂಗ್ ಇನ್ ಲವ್’ನ ಮಾತುಗಳೇನೋ ಸರಿ, ರಾಗ ಮಾತ್ರ ಸಂಗೀತಕಾರ ಮಾರ್ಟಿನಿ 1784ರಲ್ಲಿ ಬರೆದ ಫ್ರೆಂಚ್ ಗೀತೆಯದು, ಅದರ ವಸ್ತು ಪ್ರೇಮದ ಅಲ್ಪಾಯುಷ್ಯ. ಈ ಅಜಾಗರೂಕತೆ ಹೊಸದೂ ಅಲ್ಲ. ಮದುಮಗಳು ಚರ್ಚಿಗೆ ಕಾಲಿಡುವಾಗ ಜಗತ್ತಿನ ತುಂಬ ನುಡಿಯುವ ವ್ಯಾಗ್ನರ್‌ನ ಮಟ್ಟು 1850ರ ‘ಲೋಹೆಂಗ್ರಿನ್’ ಗೀತನಾಟಕದಲ್ಲಿ ಬರುವುದು ಮದುವೆಯಾದ ಮೇಲೆ, ಶಯನಗೃಹದ ಬಾಗಿಲಲ್ಲಿ. ಆ ದಾಂಪತ್ಯ ಬೆಳಗಾಗುವ ಮುನ್ನವೇ ಮುರಿದುಬೀಳುತ್ತದೆ. ಮದುವೆಯಲ್ಲಿ ಜನ ಮಾತಿಗಿಂತ ಮೊದಲು ಲಯವನ್ನೂ ಕಂಠದ ಆರ್ದ್ರತೆಯನ್ನೂ ಆರಿಸುತ್ತಾರೆ ಎಂದೇ ಇದರಿಂದ ತಿಳಿಯಬೇಕು.

ಲಯದ ವಿಚಾರದಲ್ಲಿ ಹಳೆಯದು ಸದ್ದಿಲ್ಲದೆ ಉಳಿದುಕೊಂಡಿದೆ. 2011ರಲ್ಲಿ ಕ್ರಿಸ್ಟಿನಾ ಪೆರಿ ಹಾಡಿದ ‘ಎ ಥೌಸಂಡ್ ಇಯರ್ಸ್’, 2017ರಲ್ಲಿ ಎಡ್ ಶೀರನ್‌ನ ‘ಪರ್ಫೆಕ್ಟ್’ ಎರಡೂ ಮದುವೆಗಳಲ್ಲಿ ಬಹಳ ಕೇಳಿಬಂದವು. ಎರಡರ ಒಳಗೂ ಮೂರು ಮೂರರ ಗುಂಪಿನ ತಿಶ್ರ ನಡೆಯೇ ತೂಗುತ್ತದೆ. ವಾಲ್ಟ್ಸ್ ಕಲಿಯದ ಜೋಡಿಗಳೂ ಅದಕ್ಕೆ ಅತ್ತಿಂದಿತ್ತ ವಾಲುವಾಗ ಅರಿಯದೆ ವಾಲ್ಟ್ಸ್‌ನ ಹತ್ತಿರ ಬರುತ್ತಾರೆ.

ಹಾಡನ್ನು ಆರಿಸಿದ ಮೇಲೆ ಅದನ್ನು ತೋರಿಸುವ ಒತ್ತಡ ಬೆಳೆದದ್ದು ವೀಡಿಯೊದಿಂದ. 1987ರ ‘ಡರ್ಟಿ ಡಾನ್ಸಿಂಗ್’ ಸಿನಿಮಾದ ಕೊನೆಯಲ್ಲಿ ನಾಯಕ ನಾಯಕಿಯನ್ನು ತಲೆಯ ಮೇಲೆತ್ತಿ ಹಿಡಿಯುವ ಭಂಗಿಯನ್ನು ಎಷ್ಟೋ ಮದುವೆಗಳಲ್ಲಿ ಅನುಕರಿಸಿದರು, ಕೆಲವರು ಬಿದ್ದರು ಕೂಡ. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ಒಂದು ಮದುವೆಯ ನೃತ್ಯವನ್ನು ಪರವೂರಿನವರೂ ನೋಡುವಂತಾಯಿತು. 2009ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಮದುವೆಯ ಪರಿವಾರವೆಲ್ಲ ಚರ್ಚಿನೊಳಗೆ ಕುಣಿಯುತ್ತ ಪ್ರವೇಶಿಸಿದ ವೀಡಿಯೊವನ್ನು ಕೋಟಿಗಟ್ಟಲೆ ಜನ ನೋಡಿದ ಮೇಲಂತೂ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಕುಣಿಯುವುದು ವಾಡಿಕೆಯಾಯಿತು. ಅಭ್ಯಾಸಕ್ಕೆ ಪುರುಸೊತ್ತಿಲ್ಲದವರು ಇನ್ನೊಂದು ದಾರಿ ಹಿಡಿದರು: ಎರಡು ನಿಮಿಷವಾಗುತ್ತಲೇ ಡಿಜೆ ದನಿಯನ್ನು ತಗ್ಗಿಸಿ ಎಲ್ಲರನ್ನೂ ನೆಲಕ್ಕೆ ಕರೆಯುತ್ತಾನೆ.

ಎಲ್ಲರೂ ಕುಣಿಯುತ್ತಾರೆಂದೂ ಅಲ್ಲ. ಅಮೆರಿಕದ ದಕ್ಷಿಣದ ಎಷ್ಟೋ ಬ್ಯಾಪ್ಟಿಸ್ಟ್ ಕುಟುಂಬಗಳು ನೃತ್ಯವನ್ನು ಧರ್ಮಕ್ಕೆ ಸಲ್ಲದ್ದೆಂದು ಬಿಟ್ಟವು. ಅಲ್ಲಿ ಮದುವೆ ಎಂದರೆ ಚರ್ಚಿನ ಹಿಂದಿನ ಕೊಠಡಿಯಲ್ಲಿ ಕೇಕು ಮತ್ತು ಪಾನಕ. ಸಂಪ್ರದಾಯಸ್ಥ ಯಹೂದಿಗಳಲ್ಲಿ ಗಂಡಸರು ಹೆಂಗಸರು ಬೇರೆ ಬೇರೆ ಕುಣಿಯುತ್ತಾರೆ.

ಭಾರತಕ್ಕೆ ಜೋಡಿನೃತ್ಯ ಬಂದ ದಾರಿಗಳಲ್ಲಿ ಪೋರ್ಚುಗೀಸರ ಗೋವಾ ಮುಖ್ಯವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಕ್ಯಾಥೊಲಿಕ್ ಭೂಮಾಲೀಕರ ಮನೆಗಳಲ್ಲಿ ‘ಮಾಂಡೊ’ ಬೆಳೆಯಿತು. ಕೊಂಕಣಿ ಮಾತು, ಪಿಟೀಲಿನ ಜೊತೆಗೆ ಮಣ್ಣಿನ ಗುಮಟ್; ಗಂಡಸರ ಸಾಲು, ಹೆಂಗಸರ ಸಾಲು ಎದುರುಬದುರು ನಿಂತು ನಿಧಾನವಾಗಿ ಹತ್ತಿರ ಬಂದು ಹಿಂದೆ ಸರಿಯುವ ನೃತ್ಯ. ಮದುವೆಯ ಮನೆಯೇ ಅದರ ಮುಖ್ಯ ವೇದಿಕೆಯಾಗಿತ್ತು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರಲ್ಲಿ ಎರಡು ಕಾಲಗಳು ಪಕ್ಕಪಕ್ಕದಲ್ಲೇ ಉಳಿದ ಪರಿ ಚೆನ್ನಾಗಿ ಕಾಣುತ್ತದೆ. ಮದುವೆಯ ಮುನ್ನಾದಿನ ಅವರವರ ಮನೆಯಲ್ಲಿ ‘ರೋಸ್’: ಮದುಮಗ, ಮದುಮಗಳ ತಲೆಗೆ ತೆಂಗಿನಹಾಲು ಹಚ್ಚುವಾಗ ಹಿರಿಯ ಮುತ್ತೈದೆಯರು ‘ವೊವಿಯೊ’ ಹಾಡುತ್ತಾರೆ. ಅವು ಅಜ್ಜಿಯಿಂದ ಬಂದ ಹಾಡುಗಳು. ಮಾರನೆಯ ದಿನ ಇಗರ್ಜಿಯಲ್ಲಿ ಮದುವೆ, ಸಭಾಂಗಣದಲ್ಲಿ ಆರತಕ್ಷತೆ: ಬ್ಯಾಂಡು, ಮೆರವಣಿಗೆಯ ಮಾರ್ಚ್, ಕೇಕು, ಶುಭಾಶಯದ ಟೋಸ್ಟ್, ಮದುಮಕ್ಕಳ ವಾಲ್ಟ್ಸ್, ಆಮೇಲೆ ಎಲ್ಲರಿಗೂ ಬೈಲಾ. ಆ ವಾಲ್ಟ್ಸ್‌ಗೆ ಮಾತ್ರ ಜೋಡಿ ತಮ್ಮಿಷ್ಟದ ಇಂಗ್ಲಿಷ್ ಅಥವಾ ಕೊಂಕಣಿ ಹಾಡು ಹೇಳಬಹುದು. ಕೋಲಾರದ ಚಿನ್ನದ ಗಣಿ ಮತ್ತು ಬೆಂಗಳೂರು ದಂಡಿನ ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲೂ ಮದುವೆ ಎಂದರೆ ಮರದ ನೆಲದ ಸಭಾಂಗಣ ಮತ್ತು ನೃತ್ಯವೇ ಆಗಿತ್ತು.

ಉಳಿದ ಕನ್ನಡ ಮದುವೆಗಳಿಗೆ ಜೋಡಿನೃತ್ಯ ಬಂದದ್ದು ಉತ್ತರದ ‘ಸಂಗೀತ್’ ಮೂಲಕ. ಧಾರೆಯ ಮುನ್ನಾದಿನವೋ ಆರತಕ್ಷತೆಯ ವೇದಿಕೆಯಲ್ಲೋ ಮದುಮಕ್ಕಳು ಕನ್ನಡ ಅಥವಾ ಹಿಂದಿ ಸಿನಿಮಾ ಹಾಡಿಗೆ, ನೃತ್ಯ ಶಿಕ್ಷಕರು ಹೇಳಿಕೊಟ್ಟ ಹೆಜ್ಜೆ ಹಾಕುತ್ತಾರೆ. ಇಲ್ಲಿ ಹಾಡಿನ ಜೊತೆಗೆ ಚಿತ್ರದ ದೃಶ್ಯವೂ ಎಲ್ಲರ ನೆನಪಿನಲ್ಲಿ ಇರುವುದರಿಂದ ನಾಯಕ ನಾಯಕಿಯ ಭಂಗಿಗಳೂ ಆಯ್ಕೆಯ ಭಾಗವೇ.

ಹೀಗೆ ಆರಿಸಿದ ಹಾಡು ಯಾರದೋ ಸ್ವತ್ತು. ಅದನ್ನು ಮದುವೆಯಲ್ಲಿ ನುಡಿಸಲು ಹಣ ಕೊಡಬೇಕೇ ಎಂಬ ಪ್ರಶ್ನೆಗೆ ಭಾರತದ ಕಾನೂನಿನಲ್ಲಿ ನೇರ ಉಲ್ಲೇಖವಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮಿನ ಒಂದು ಉಪಕಲಮು ಧಾರ್ಮಿಕ ಸಮಾರಂಭಗಳಲ್ಲಿ ನುಡಿಸುವ ಸಂಗೀತ ಸ್ವಾಮ್ಯದ ಉಲ್ಲಂಘನೆಯಲ್ಲ ಎನ್ನುತ್ತದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಎಂದು ವಿವರಣೆ. ಹೋಟೆಲುಗಳಿಂದಲೂ ಕುಟುಂಬಗಳಿಂದಲೂ ಶುಲ್ಕ ಕೇಳುತ್ತಿರುವ ದೂರುಗಳು ಬಂದಾಗ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಈ ವಿನಾಯಿತಿಯನ್ನು ನೆನಪಿಸುವ ಪ್ರಕಟಣೆ ಹೊರಡಿಸಿತು. ಗೋವಾ ಸರ್ಕಾರ ಅದೇ ಜಾಡಿನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಬಾಂಬೆ ಹೈಕೋರ್ಟಿನ ಗೋವಾ ಪೀಠ 2024ರ ಆಗಸ್ಟ್‌ನಲ್ಲಿ ರದ್ದುಗೊಳಿಸಿತು. ಕಾಯಿದೆಯ ವಿನಾಯಿತಿ ಹಾಗೆಯೇ ಉಳಿಯಿತು, ಅದರ ವ್ಯಾಪ್ತಿಯನ್ನು ಸುತ್ತೋಲೆಯಿಂದ ಹಿಗ್ಗಿಸಲು ಮಾತ್ರ ಅವಕಾಶ ಸಿಗಲಿಲ್ಲ.